ಪೋರ್ಟಬಲ್ ಎಂದರೆ ಎಷ್ಟು ಹಗುರ? ಬ್ಲೂಟೂತ್ ಸ್ಪೀಕರುಗಳ ಒಂದು ತುಲನೆ

ತಂತಿಯ ಹಂಗಿಲ್ಲದೆ ಮೊಬೈಲಿನಿಂದ ಹಾಡು ಕೇಳಿಸುವ ಬ್ಲೂಟೂತ್ ಸ್ಪೀಕರು ಇಂದು ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳಿಗೆ ಸೀಮಿತವಾದ ಸರಕಲ್ಲ. ಮೊಬೈಲ್ ರಿಪೇರಿ ಅಂಗಡಿಗಳಲ್ಲಿಯೂ ಉಡುಗೊರೆ ಮಳಿಗೆಗಳಲ್ಲಿಯೂ ಅದು ಮಾರಾಟವಾಗುತ್ತಿದೆ. ಬಹುತೇಕ ಎಲ್ಲ ಪೆಟ್ಟಿಗೆಗಳ ಮೇಲೂ ‘ಪೋರ್ಟಬಲ್’ ಎಂಬ ಪದ ಅಚ್ಚಾಗಿರುತ್ತದೆ. ಇನ್ನೂರು ಗ್ರಾಮಿನ ಸ್ಪೀಕರಿಗೂ ಆರೇಳು ಕಿಲೋ ತೂಗುವ ಸ್ಪೀಕರಿಗೂ ಇದೇ ಪದ ಸಲ್ಲುತ್ತಿರುವಾಗ, ದಾಸ್ತಾನಿನಲ್ಲಿ ಬಂಡವಾಳ ತೊಡಗಿಸುವ ವರ್ತಕರು ಅದರ ಅರ್ಥವನ್ನು ತಾವೇ ಅಳೆದು ನೋಡುವುದು ಕ್ಷೇಮಕರ. ಗ್ರಾಹಕನ ಉಪಯೋಗಕ್ಕೆ ಒಗ್ಗದ ಗಾತ್ರವನ್ನು ಮಾರಿದರೆ ಸರಕು ಮರಳಿ ಬರುತ್ತದೆ, ಇಲ್ಲವೇ ಗ್ರಾಹಕ ಮರಳಿ ಬರುವುದಿಲ್ಲ.

ಒಂದೇ ಕಂಪನಿ, ನಾಲ್ಕು ಗಾತ್ರ

ತುಲನೆಗಾಗಿ ಜೆಬಿಎಲ್ ಕಂಪನಿಯ ನಾಲ್ಕು ಮಾದರಿಗಳ ಘೋಷಿತ ಅಂಕಿಗಳನ್ನು ಗಮನಿಸಬಹುದು. ಗೋ 3 ಮಾದರಿಯ ತೂಕ 209 ಗ್ರಾಂ, ಶಕ್ತಿ 4.2 ವ್ಯಾಟ್, ಬ್ಯಾಟರಿಯ ಬಾಳಿಕೆ 5 ಗಂಟೆ. ಫ್ಲಿಪ್ 6 ಮಾದರಿಗೆ ಇವು ಕ್ರಮವಾಗಿ 550 ಗ್ರಾಂ, 30 ವ್ಯಾಟ್ ಮತ್ತು 12 ಗಂಟೆ. ಚಾರ್ಜ್ 5ಕ್ಕೆ 960 ಗ್ರಾಂ, 40 ವ್ಯಾಟ್ ಮತ್ತು 20 ಗಂಟೆ. ಬೂಮ್‌ಬಾಕ್ಸ್ 3 ಮಾದರಿಯು 6.7 ಕಿಲೋ ತೂಗುತ್ತದೆ. ಬ್ಯಾಟರಿಯ ಮೇಲೆ 136 ವ್ಯಾಟ್ ಶಕ್ತಿಯನ್ನೂ 24 ಗಂಟೆಗಳ ಬಾಳಿಕೆಯನ್ನೂ ಹೊಂದಿದೆ.

ಗೋ 3ರಿಂದ ಚಾರ್ಜ್ 5ರವರೆಗೆ ತೂಕದೊಂದಿಗೆ ಬಾಳಿಕೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಅಲ್ಲಿಂದ ಮುಂದೆ ಈ ಹೊಂದಿಕೆ ಮುರಿಯುತ್ತದೆ. ಬೂಮ್‌ಬಾಕ್ಸಿನ ತೂಕ ಚಾರ್ಜ್ 5ರ ಏಳರಷ್ಟಾದರೂ ಬಾಳಿಕೆ ಹೆಚ್ಚುವುದು ನಾಲ್ಕೇ ಗಂಟೆ. ಕಿವಿಗೆ ಸದ್ದು ಇಮ್ಮಡಿಯಾಗಿ ಕೇಳಿಸಬೇಕಾದರೆ ಶಕ್ತಿ ಸುಮಾರು ಹತ್ತುಪಟ್ಟು ಆಗಬೇಕೆಂಬುದು ಧ್ವನಿಶಾಸ್ತ್ರದ ನಿಯಮ. ಆದ್ದರಿಂದ 40 ವ್ಯಾಟ್ 136 ಆದಾಗ, ವ್ಯಾಟ್ ಲೆಕ್ಕವೊಂದರಿಂದಲೇ ಸದ್ದು ಇಮ್ಮಡಿಯಾಗದು. ಹೆಚ್ಚಿನ ತೂಕಕ್ಕೆ ಪ್ರತಿಯಾಗಿ ದೊರೆಯುವುದು ಮುಖ್ಯವಾಗಿ ತಗ್ಗುಸ್ವರದ ಗಾಂಭೀರ್ಯ. ಬಯಲಿನ ಸಮಾರಂಭಕ್ಕೆ ಅದು ಬೇಕು. ಕೋಣೆಯೊಳಗೆ ಅದು ಹೊರೆ. ಘೋಷಿತ ಗಂಟೆಗಳು ಮಿತವಾದ ಸದ್ದಿಗೆ ಸಂಬಂಧಿಸಿದವು, ಪೂರ್ಣ ಸದ್ದಿನಲ್ಲಿ ಅವು ಬಹಳಷ್ಟು ಇಳಿಯುತ್ತವೆ ಎಂಬುದನ್ನೂ ಗ್ರಾಹಕರಿಗೆ ಮೊದಲೇ ತಿಳಿಸುವುದು ಒಳಿತು.

ತೂಕ ಎಲ್ಲಿದೆ?

ತೂಕಕ್ಕೆ ಬ್ಯಾಟರಿಯೇ ಕಾರಣವೆಂಬ ಭಾವನೆ ಸಾಮಾನ್ಯ. 18650 ಎಂದು ಹೆಸರಾದ ಲಿಥಿಯಂ ಸೆಲ್ಲು ಸುಮಾರು 45 ಗ್ರಾಂ ತೂಗಿ 9ರಿಂದ 10 ವ್ಯಾಟ್-ಗಂಟೆ ವಿದ್ಯುತ್ತನ್ನು ಹಿಡಿದಿಡಬಲ್ಲುದು. ಫ್ಲಿಪ್ 6ರ ಬ್ಯಾಟರಿ 17.28 ವ್ಯಾಟ್-ಗಂಟೆಯದು, ಅಂದರೆ ಅಂಥ ಎರಡು ಸೆಲ್ಲುಗಳಿಗೆ ಸಮ. ಈ ಲೆಕ್ಕದಂತೆ 550 ಗ್ರಾಮಿನಲ್ಲಿ ಸೆಲ್ಲಿನ ಪಾಲು ನೂರು ಗ್ರಾಮಿನ ಆಸುಪಾಸು ಮಾತ್ರ. ಉಳಿದ ಭಾರದಲ್ಲಿ ಅಯಸ್ಕಾಂತ ಮತ್ತು ಕವಚಗಳ ಪಾಲು ದೊಡ್ಡದು.

ಸಣ್ಣ ತಯಾರಕರಿಗೆ ಇದು ಮಹತ್ವದ ಸಂಗತಿ. ನಿಯೋಡಿಮಿಯಂ ಅಯಸ್ಕಾಂತವು ಅಲ್ಪ ತೂಕದಲ್ಲಿ ಪ್ರಬಲ ಸೆಳೆತ ನೀಡುತ್ತದೆ. ಅದೇ ಸೆಳೆತವನ್ನು ಫೆರೈಟಿನಿಂದ ಪಡೆಯಲು ಹೆಚ್ಚು ದೊಡ್ಡದಾದ ಅಯಸ್ಕಾಂತ ಬೇಕು. 2025ರ ಏಪ್ರಿಲಿನಲ್ಲಿ ಚೀನಾ ದೇಶವು ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿದಂತೆ ಏಳು ವಿರಳ ಲೋಹಗಳಿಗೂ ಅವನ್ನೊಳಗೊಂಡ ಅಯಸ್ಕಾಂತಗಳಿಗೂ ರಫ್ತು ಪರವಾನಗಿಯನ್ನು ಕಡ್ಡಾಯಗೊಳಿಸಿತು. ಫೆರೈಟಿಗೆ ಮರಳುವ ತಯಾರಕರು ಬೆಲೆಯನ್ನಷ್ಟೇ ಅಲ್ಲದೆ ಹೆಚ್ಚುವ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇಜಿನ ಮೇಲಿಡುವ ಸ್ಪೀಕರಿಗೆ ಫೆರೈಟ್ ಸಾಕಾದೀತು. ಕೈಚೀಲದ ಸ್ಪೀಕರಿಗೆ ಅದರಿಂದ ತೊಡಕೇ ಹೆಚ್ಚು.

ನೀರು ಮತ್ತು ಸಾಗಣೆ

ಐಪಿ67 ಎಂಬ ಗುರುತಿನಲ್ಲಿ 6 ಎಂದರೆ ಧೂಳು ಒಳಸೇರದು. 7 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದು. ಸಮುದ್ರದ ಉಪ್ಪುನೀರಿಗೂ ಸಾಬೂನಿನ ನೀರಿಗೂ ಈ ಭರವಸೆ ಅನ್ವಯಿಸದು. ವಿಮಾನದ ಮೂಲಕ ಸರಕು ಕಳುಹಿಸುವವರು ಲಿಥಿಯಂ ಬ್ಯಾಟರಿಯುಳ್ಳ ಉಪಕರಣಗಳು ಯುಎನ್ 3481 ವರ್ಗದ ಅಪಾಯಕಾರಿ ಸರಕೆನಿಸುತ್ತವೆ ಎಂಬುದನ್ನು ಮರೆಯಬಾರದು. ಬ್ಲೂಟೂತ್ ಸ್ಪೀಕರುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿರುವುದರಿಂದ, ನೋಂದಣಿ ಸಂಖ್ಯೆಯಿಲ್ಲದ ಅಗ್ಗದ ಸರಕು ಲಾಭಕ್ಕಿಂತ ನಷ್ಟಕ್ಕೇ ದಾರಿಯಾದೀತು.

ಗ್ರಾಹಕನು ಸ್ಪೀಕರನ್ನು ಒಯ್ಯುವುದು ಕೈಚೀಲದಲ್ಲೋ, ಬೈಕಿನಲ್ಲೋ, ಕಾರಿನಲ್ಲೋ ಎಂಬ ಒಂದು ಪ್ರಶ್ನೆಯನ್ನು ವರ್ತಕರು ಕೇಳಿದರೆ ಆಯ್ಕೆ ಬಹುಮಟ್ಟಿಗೆ ಸುಲಭವಾಗುತ್ತದೆ. ಕೈಚೀಲಕ್ಕೆ ಕಾಲು ಕಿಲೋ, ಬೈಕಿಗೆ ಒಂದು ಕಿಲೋದೊಳಗಿನದು, ಕಾರಿಗೆ ಅದಕ್ಕೂ ಮೇಲ್ಪಟ್ಟದ್ದು ಎಂಬ ವಿಂಗಡಣೆಯಂತೆ ದಾಸ್ತಾನು ಮಾಡಿದರೆ ಬಂಡವಾಳ ಕಪಾಟಿನಲ್ಲಿ ಕುಳಿತುಬಿಡುವ ಸಂಭವ ಕಡಿಮೆ.