ಆ ರಾತ್ರಿಯೇ ಎದ್ದ ಜೋಸೆಫರು



ಕ್ರಿಸ್ತಜಯಂತಿಯ ಗೋದಲಿಯನ್ನು ಇನ್ನೂ ಬಿಚ್ಚಿರುವುದಿಲ್ಲ. ಮನೆಯಲ್ಲಿ ಕರ್ಜಿಕಾಯಿ, ಕಜ್ಜಾಯದ ಡಬ್ಬ ಖಾಲಿಯಾಗಿರುವುದಿಲ್ಲ. ಅಷ್ಟರಲ್ಲಿ, ಡಿಸೆಂಬರ್ 28ರಂದು, ಧರ್ಮಸಭೆ ಬೆತ್ಲೆಹೇಮಿನ ಮುಗ್ಧ ಶಿಶುಗಳ ಹಬ್ಬವನ್ನು ನಮ್ಮ ಮುಂದೆ ತಂದಿಡುತ್ತದೆ. ಜೋಗುಳದ ಹಿಂದೆಯೇ ತಾಯಂದಿರ ಗೋಳು! ಅಧಿಕಾರ ಕೈತಪ್ಪೀತೆಂಬ ಭಯಕ್ಕೆ ಹೆರೋದ ಅರಸ ಎರಡು ವರ್ಷದೊಳಗಿನ ಗಂಡುಕೂಸುಗಳನ್ನು ಕೊಲ್ಲಿಸಿದ ಎಂದು ಸಂತ ಮತ್ತಾಯರು ಬರೆದಿದ್ದಾರೆ.

ಅದೇ ಅಧ್ಯಾಯದಲ್ಲಿ ಇನ್ನೊಬ್ಬರಿದ್ದಾರೆ. ಕನಸಿನಲ್ಲಿ ದೂತನ ಎಚ್ಚರಿಕೆ ಬಂದ ಕೂಡಲೇ ಸಂತ ಜೋಸೆಫರು ಏನು ಮಾಡಿದರು? ಬೆಳಗಾಗಲಿ, ನೋಡೋಣ ಎನ್ನಲಿಲ್ಲ. ನೆಂಟರು ಏನೆಂದಾರು ಎಂದು ಯೋಚಿಸಲಿಲ್ಲ. ಆ ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಈ ಹಬ್ಬದ ಸಂದರ್ಭದಲ್ಲಿ ಮಕ್ಕಳ ರಕ್ಷಣೆಯ ಕಾನೂನುಗಳ ಬಗ್ಗೆ ಬರೆಯಲು ಕುಳಿತಾಗ ನನ್ನ ಕಣ್ಣ ಮುಂದೆ ಇರುವುದು ಆ ಮೌನಿ ತಂದೆಯೇ. ಕಾನೂನು ಎಷ್ಟೇ ಒಳ್ಳೆಯದಿರಲಿ, ಮಗುವಿನ ಸಂಕಟ ಕಿವಿಗೆ ಬಿದ್ದ ದೊಡ್ಡವರೊಬ್ಬರು ಏಳದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

ನಾನು ಏಳಲಿಲ್ಲ

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ. ಗುರುದೀಕ್ಷೆಯಾಗಿ ಎರಡು ವರ್ಷವಾಗಿತ್ತು, 2010ರ ಮಾತು. ಸಂಜೆ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಬಂದು, ಅಳುತ್ತಾ, ಮನೆಯಲ್ಲೇ ಇರುವ ಬಂಧುವೊಬ್ಬನಿಂದ ತನ್ನ ಮಗಳಿಗೆ ಆಗುತ್ತಿದ್ದ ಹಿಂಸೆಯನ್ನು ಹೇಳಿಕೊಂಡರು. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಎಲ್ಲ ಓದಿದ್ದ ನನಗೆ ಆ ಕ್ಷಣ ತೋಚಿದ್ದು ಇಷ್ಟೇ: "ಪ್ರಾರ್ಥನೆ ಮಾಡಿ ಅಮ್ಮ. ಅವನನ್ನು ಬೇರೆ ಕಡೆ ಕಳಿಸಿ. ಮನೆಯ ಮಾನ ಹೊರಗೆ ಹೋಗದ ಹಾಗೆ ನೋಡಿಕೊಳ್ಳಿ." ಕೆಲವು ತಿಂಗಳಲ್ಲಿ ಆ ಕುಟುಂಬ ಊರನ್ನೇ ಬಿಟ್ಟಿತು. ವರ್ಷಗಳ ನಂತರ ಒಂದು ಜಾತ್ರೆಯಲ್ಲಿ ಆ ತಾಯಿ ಸಿಕ್ಕರು. "ಫಾದರ್, ಅವತ್ತು ನೀವು ಮನೆ ಮಾನದ ಬಗ್ಗೆ ಮಾತಾಡಿದ್ರಿ. ನನ್ನ ಮಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ನನ್ನಂತೆ ಸುಮ್ಮನಿದ್ದವರು ಬಹಳ ಮಂದಿ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. ಕೇರಳ, ಗೋವಾ, ಮಹಾರಾಷ್ಟ್ರ ಸೇರಿದಂತೆ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ತಮಗಾಗಿದೆ ಎಂದರು. ಅವರಲ್ಲಿ ಗಂಡುಮಕ್ಕಳ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ. ಹಿಂಸೆ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ನಂಬಿಕೆಯ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ನಾವು ಮಕ್ಕಳಿಗೆ "ಅಪರಿಚಿತರ ಹತ್ತಿರ ಹೋಗಬೇಡ" ಎಂದು ಕಲಿಸುತ್ತೇವೆ. ಅಪಾಯ ಎಷ್ಟೋ ಸಲ ನಮ್ಮ ಮನೆಯ ಚಾಪೆಯ ಮೇಲೆಯೇ ಕುಳಿತಿರುತ್ತದೆ.

ಕಾನೂನು ಏನು ಹೇಳುತ್ತದೆ?

2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ ಜಾರಿಗೆ ಬಂತು. ಇದನ್ನೇ ನಾವು ಪೋಕ್ಸೊ ಎನ್ನುವುದು. ಇದರ ಪ್ರಕಾರ 18 ವರ್ಷ ತುಂಬದ ಪ್ರತಿಯೊಬ್ಬರೂ ಮಗುವೇ, ಹುಡುಗನಾಗಲಿ, ಹುಡುಗಿಯಾಗಲಿ. ಆ ವಯಸ್ಸಿನೊಳಗೆ "ಅವಳೇ ಒಪ್ಪಿದ್ದಳು" ಎಂಬ ಮಾತು ನಡೆಯುವುದಿಲ್ಲ. ಮೈಮುಟ್ಟುವ ಅಪರಾಧ ಮಾತ್ರವಲ್ಲ, ಕೆಟ್ಟ ಉದ್ದೇಶದಿಂದ ಆಡುವ ಮಾತು, ತೋರಿಸುವ ಚಿತ್ರ, ಬೆನ್ನು ಹತ್ತುವುದು ಕೂಡ ಶಿಕ್ಷಾರ್ಹ. ಮಕ್ಕಳ ಅಶ್ಲೀಲ ಚಿತ್ರವನ್ನು ಮೊಬೈಲಿನಲ್ಲಿ ಹಂಚಿದರೆ ಅದೂ ಅಪರಾಧವೇ. ಯುವಕರು ಇದನ್ನು ಗಮನಿಸಬೇಕು.

ಅಪರಾಧಿ ಮಗುವಿನ ಬಂಧುವಾಗಿದ್ದರೆ, ಶಾಲೆಯ ಅಥವಾ ಧಾರ್ಮಿಕ ಸಂಸ್ಥೆಯ ಸಿಬ್ಬಂದಿಯಾಗಿದ್ದರೆ, ಕಾನೂನು ಅದನ್ನು ಇನ್ನೂ ಘೋರವೆಂದು ಎಣಿಸುತ್ತದೆ. 2019ರ ತಿದ್ದುಪಡಿಯ ನಂತರ ಅಂಥವರು ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ ಕನಿಷ್ಠ ಶಿಕ್ಷೆ 20 ವರ್ಷ ಸೆರೆವಾಸ. ನಂಬಿದವರು ಕೈ ಬಿಟ್ಟಾಗ ಆಗುವ ಗಾಯ ಎರಡು ಪಟ್ಟು ಆಳವಲ್ಲವೇ?

ನಮ್ಮೆಲ್ಲರಿಗೂ ಸೇರಿದ್ದು ಈ ಕಾಯ್ದೆಯ 19ನೇ ಕಲಂ. ಇಂಥ ಅಪರಾಧ ನಡೆದಿದೆ ಎಂದು ತಿಳಿದ, ಅಥವಾ ನಡೆಯಬಹುದು ಎಂಬ ಶಂಕೆಯಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಾಯಿತಂದೆ, ಟೀಚರ್, ವೈದ್ಯರು, ಸಿಸ್ಟರ್, ಫಾದರ್ ಯಾರಿಗೂ ವಿನಾಯಿತಿ ಇಲ್ಲ. ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. 2010ರಲ್ಲಿ ಈ ಕಾಯ್ದೆ ಇರಲಿಲ್ಲ, ಹಾಗಾಗಿ ನಾನು ಅದರ ಕೈಗೆ ಸಿಗಲಿಲ್ಲ. ಮನಸ್ಸಾಕ್ಷಿಯ ಕೈಗೆ ಸಿಕ್ಕಿದ್ದೇನೆ.

"ಆರೋಪ ಸುಳ್ಳಾಗಿದ್ದರೆ ನಮ್ಮ ಗತಿ?" ಎಂದು ಕೇಳುವವರಿದ್ದಾರೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಹಗೆ ತೀರಿಸಿಕೊಳ್ಳಲು ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಮಾತ್ರ ಶಿಕ್ಷೆ. ಹೇಳಿದ್ದು ಸುಳ್ಳಾದರೂ ಮಗುವನ್ನು ಶಿಕ್ಷಿಸುವಂತಿಲ್ಲ. ನಿಜ ಯಾವುದೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ, ಅದಕ್ಕೆ ತನಿಖೆ ಇದೆ, ನ್ಯಾಯಾಲಯ ಇದೆ. ನಮ್ಮ ಕೆಲಸ ತಿಳಿಸುವುದು.

ಹೇಳಿದ ಮೇಲೆ ಮಗುವಿಗೆ ಏನಾಗುತ್ತದೆ?

ತಾಯಂದಿರ ದೊಡ್ಡ ಭಯ ಇದು. ಸ್ಟೇಷನ್, ಕೋರ್ಟು ಎಂದು ಮಗುವನ್ನು ಅಲೆದಾಡಿಸುತ್ತಾರೆ, ಊರಿಗೆಲ್ಲ ಹೆಸರು ತಿಳಿಯುತ್ತದೆ ಎಂಬ ಅಂಜಿಕೆ. ಕಾನೂನು ಈ ಅಂಜಿಕೆಯನ್ನು ಅರಿತಿದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ತಿಳಿಸಬೇಕು. ಕೋರ್ಟು, ಆಸ್ಪತ್ರೆಗಳಿಗೆ ಮಗುವಿನ ಜೊತೆ ಬರಲು ಆ ಸಮಿತಿ ಒಬ್ಬ ನೆರವಿನ ವ್ಯಕ್ತಿಯನ್ನು ಕೊಡಬಲ್ಲುದು. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ತುರ್ತು ಚಿಕಿತ್ಸೆಗೆ ಪೊಲೀಸರ ಕಾಗದ ತನ್ನಿ ಎಂದು ಆಸ್ಪತ್ರೆಯವರು ಕೇಳುವಂತಿಲ್ಲ.

ಸಾಕ್ಷಿ ಹೇಳುವಾಗ ಮಗು ಆರೋಪಿಯ ಮುಖ ನೋಡಬೇಕಾಗಿಲ್ಲ. ಹೆದರಿಸುವ ಪ್ರಶ್ನೆಗಳನ್ನು ನ್ಯಾಯಾಧೀಶರು ತಡೆಯಬೇಕು. ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ಎಲ್ಲ ಕಡೆ ಹಾಗೆ ಮುಗಿಯುತ್ತಿಲ್ಲ ಎಂಬುದು ನಿಜವೇ. ಆದರೆ ಕೇಳಲು ನಮಗೆ ಹಕ್ಕಿದೆ. ಮಗುವಿನ ಹೆಸರು, ಫೋಟೋ, ಶಾಲೆ, ಮನೆ, ಯಾವುದನ್ನೂ ಮಾಧ್ಯಮಗಳಲ್ಲಿ ಪ್ರಕಟಿಸುವಂತಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳಿಗೂ ಈ ಎಚ್ಚರ ಬೇಕು.

ಧರ್ಮಸಭೆಯ ನಿಯಮ

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಬೇರೆಯವರಿಗೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ. ಅನೇಕ ದೇಶಗಳಲ್ಲಿ ಗುರುಗಳೇ ಮಕ್ಕಳಿಗೆ ಹಿಂಸೆ ಮಾಡಿದರು. ಸಂಸ್ಥೆಯ ಹೆಸರು ಕೆಡಬಾರದೆಂದು ಮೇಲಿನವರು ಅವರನ್ನು ಊರಿಂದೂರಿಗೆ ವರ್ಗ ಮಾಡಿದರು. ಜಗದ್ಗುರು ಫ್ರಾನ್ಸಿಸ್‌ರವರು 2014ರಲ್ಲಿ ಅಪ್ರಾಪ್ತರ ರಕ್ಷಣೆಗೆಂದು ಒಂದು ಆಯೋಗವನ್ನು ಸ್ಥಾಪಿಸಿದರು. 2019ರ ಮೇ ತಿಂಗಳಲ್ಲಿ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಎಂಬ ಶಾಸನವನ್ನು ಹೊರಡಿಸಿದರು. ಪರಿಷ್ಕೃತ ರೂಪದಲ್ಲಿ ಅದು 2023ರ ಏಪ್ರಿಲ್ 30ರಿಂದ ಕಾಯಂ ಆಗಿದೆ.

ಅದರ ಪ್ರಕಾರ ಪ್ರತಿ ಧರ್ಮಪ್ರಾಂತ್ಯದಲ್ಲಿ ಜನರು ಸುಲಭವಾಗಿ ದೂರು ಕೊಡಬಹುದಾದ ವ್ಯವಸ್ಥೆ ಇರಬೇಕು. ವಿಷಯ ತಿಳಿದ ಗುರುಗಳು, ಕನ್ಯಾಸ್ತ್ರೀಯರು ಅದನ್ನು ಮೇಲಧಿಕಾರಿಗೆ ತಿಳಿಸಲೇಬೇಕು. ದೂರು ಕೊಟ್ಟವರಿಗೆ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳುವಂತಿಲ್ಲ. ಧರ್ಮಾಧ್ಯಕ್ಷರೇ ಮುಚ್ಚಿಟ್ಟರೆ ಅವರ ಮೇಲೂ ವಿಚಾರಣೆ ನಡೆಯುತ್ತದೆ. ಈ ನಿಯಮಗಳಿವೆ ಎಂದು ದೇಶದ ಕಾನೂನನ್ನು ಬದಿಗಿಡುವಂತಿಲ್ಲ ಎಂದೂ ಅದೇ ಶಾಸನ ಹೇಳುತ್ತದೆ. ಆದ್ದರಿಂದ "ಬಿಷಪರಿಗೆ ಹೇಳಿದ್ದೇವೆ, ಪೊಲೀಸರಿಗೇಕೆ?" ಎಂಬ ಪ್ರಶ್ನೆಗೆ ಜಾಗವಿಲ್ಲ. ಪಾಪನಿವೇದನೆಯ ಗೌಪ್ಯ ಆ ಸಂಸ್ಕಾರಕ್ಕೆ ಮಾತ್ರ ಸೇರಿದ್ದು. ಅಂದು ಆ ತಾಯಿ ನನಗೆ ಹೇಳಿದ್ದು ಪಾಪನಿವೇದನೆಯಾಗಿರಲಿಲ್ಲ, ಸಹಾಯದ ಕೂಗಾಗಿತ್ತು.

ನಾವು ಮಾಡಬೇಕಾದ್ದು

ಧರ್ಮಕೇಂದ್ರದಲ್ಲಿ ಕೆಲವು ಸಣ್ಣ ಪದ್ಧತಿಗಳು ಸಾಕು. ಧರ್ಮೋಪದೇಶದ ಕೋಣೆಯ ಬಾಗಿಲು ತೆರೆದಿರಲಿ. ಪೀಠಬಾಲಕರ ಜೊತೆ, ಗಾನವೃಂದದ ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಲಿ. ಪಿಕ್ನಿಕ್ಕಿಗೆ ಹೆತ್ತವರ ಒಪ್ಪಿಗೆ ಪತ್ರವಿರಲಿ. ಗುರುಗಳೂ ಸೇರಿದಂತೆ ಯಾರೂ ಒಂಟಿ ಮಗುವನ್ನು ಕೋಣೆಗೆ ಕರೆಯದಿರಲಿ. ಇಂಥ ನಿಯಮ ಕೇಳಿ ನಿಮ್ಮ ಗುರುಗಳು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ, ನೀವು ಕೇಳಿ. ನೋಟೀಸು ಬೋರ್ಡಿನಲ್ಲಿ ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿರಲಿ. ಅದು ದಿನದ 24 ಗಂಟೆಯೂ ಉಚಿತ.

ಮನೆಯಲ್ಲಿ ಸಂಜೆ ಜಪಸರದ ನಂತರ ಹತ್ತು ನಿಮಿಷ ಮಕ್ಕಳ ಮಾತು ಕೇಳಿ. ಯಾರೋ ಒಬ್ಬರ ಮನೆಗೆ ಹೋಗಲಾರೆ ಎಂದು ಮಗು ಹಠ ಹಿಡಿದರೆ ಗದರಬೇಡಿ, ಏಕೆಂದು ಕೇಳಿ. ಏನಾದರೂ ಹೇಳಿದರೆ ಮೊದಲ ಮಾತು "ನಿನ್ನನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ" ಎಂದಿರಲಿ. ಪದೇ ಪದೇ ಕೆದಕಿ ಕೇಳಬೇಡಿ. ಆರೋಪಿಯನ್ನು ಕರೆಸಿ ಪಂಚಾಯಿತಿ ಮಾಡಬೇಡಿ. ಅಂದೇ ಫೋನ್ ಮಾಡಿ.

ಪುಟ್ಟ ಮಗುವನ್ನು ತಮ್ಮ ಹೆಸರಿನಲ್ಲಿ ಬರಮಾಡಿಕೊಂಡವರು ತಮ್ಮನ್ನೇ ಬರಮಾಡಿಕೊಂಡಂತೆ ಎಂದರು ಯೇಸುಸ್ವಾಮಿ. ಅವರೇ ಒಮ್ಮೆ ಕಾಪಾಡಬೇಕಾದ ಕೂಸಾಗಿದ್ದರು, ಒಬ್ಬ ಬಡಗಿ ಆ ರಾತ್ರಿಯೇ ಎದ್ದದ್ದರಿಂದ ಉಳಿದರು. ಈ ಹಬ್ಬದಂದು ಗೋದಲಿಯ ಮುಂದೆ ಮೊಣಕಾಲೂರುವಾಗ ನಮ್ಮ ಧರ್ಮಕೇಂದ್ರದ ಪ್ರತಿ ಮಗುವಿನ ಹೆಸರನ್ನೂ ನೆನೆಯೋಣ. ಕರೆ ಬಂದ ರಾತ್ರಿಯೇ ಏಳುವ ಧೈರ್ಯವನ್ನು ಸಂತ ಜೋಸೆಫರು ನಮಗೆಲ್ಲರಿಗೂ, ಮೊದಲು ನನಗೆ, ಬೇಡಿ ಕೊಡಲಿ.