ಯುದ್ಧಕಾಲದ ಜ್ಞಾನಭಂಡಾರ: ಶಿಕಾರಿಪುರ–ಸೊರಬ ಪರಿಸರದ ಶಾಸನಗಳ ನೆಲೆಯಿಂದ

ಯುದ್ಧ ಮತ್ತು ಗ್ರಂಥಾಲಯ ಇವೆರಡರ ಸಂಬಂಧವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ನಾಶದ ಕಥನದಿಂದ ತೊಡಗುತ್ತದೆ. 1814ರಲ್ಲಿ ಬ್ರಿಟಿಷ್ ಸೈನ್ಯವು ವಾಷಿಂಗ್ಟನ್ ನಗರದ ಶಾಸನಸಭಾ ಭವನಕ್ಕೆ ಬೆಂಕಿಯಿಟ್ಟಾಗ ಅಲ್ಲಿದ್ದ ಲೈಬ್ರರಿ ಆಫ್ ಕಾಂಗ್ರೆಸ್ ಸುಟ್ಟುಹೋಯಿತು. ಮರುವರ್ಷ ಥಾಮಸ್ ಜೆಫರ್ಸನ್‌ನ ಸ್ವಂತ ಸಂಗ್ರಹವನ್ನು ಕೊಂಡು ಅದನ್ನು ಮತ್ತೆ ಕಟ್ಟಲಾಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇದೇ ಸಂಸ್ಥೆ ಎಚ್ಚರ ವಹಿಸಿತು. ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿಯನ್ನು 1941ರ ಡಿಸೆಂಬರಿನಲ್ಲಿ ಫೋರ್ಟ್ ನಾಕ್ಸ್ ಕೋಟೆಗೆ ಸಾಗಿಸಿ, 1944ರಲ್ಲಿ ಹಿಂದಕ್ಕೆ ತರಿಸಿಕೊಂಡಿತು. ಇದರಿಂದ ಸಂಸದೀಯ ಗ್ರಂಥಾಲಯವೊಂದು ಯುದ್ಧಕಾಲದಲ್ಲಿ ಎದುರಿಸುವ ಕರ್ತವ್ಯಗಳು ಸ್ಪಷ್ಟವಾಗುತ್ತವೆ. ಇರುವುದನ್ನು ಕಾಪಾಡುವುದು ಒಂದು; ಅಧಿಕಾರಸ್ಥರಿಗೆ ಬೇಕಾದ ತಿಳಿವಳಿಕೆಯನ್ನು ಒದಗಿಸುವುದು ಇನ್ನೊಂದು; ಆ ಅಧಿಕಾರದ ತತ್ಕಾಲದ ಅಗತ್ಯಕ್ಕೆ ತನ್ನ ಸಂಗ್ರಹವನ್ನು ಕುಗ್ಗಿಸಿಕೊಳ್ಳದಿರುವುದು ಮತ್ತೊಂದು.

ಆಧುನಿಕ ಅರ್ಥದ ಸಂಸತ್ತಾಗಲಿ ಅದರ ಗ್ರಂಥಾಲಯವಾಗಲಿ ಮಧ್ಯಕಾಲೀನ ಕರ್ನಾಟಕದಲ್ಲಿ ಇರಲಿಲ್ಲ. ಆದರೆ ಪ್ರಭುತ್ವ, ಯುದ್ಧ ಮತ್ತು ಜ್ಞಾನಸಂಸ್ಥೆ ಇವುಗಳ ಸಂಬಂಧದ ಪ್ರಶ್ನೆ ಇತ್ತು. ಅದನ್ನು ಪರಿಶೀಲಿಸಲು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಷ್ಟು ಸಮೃದ್ಧವಾದ ನೆಲೆಗಳು ವಿರಳ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳೂ, 1904ರ ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳೂ ಅಡಕವಾಗಿವೆ.

ಈ ಪರಿಸರದಲ್ಲಿ ವಿದ್ಯೆ ಮತ್ತು ಯುದ್ಧದ ಮುಖಾಮುಖಿಗೆ ಸಿಗುವ ಅತಿ ಹಳೆಯ ಆಕರಗಳಲ್ಲಿ ಒಂದು ತಾಳಗುಂದದ ಸ್ತಂಭಶಾಸನ. ಪ್ರಣವೇಶ್ವರ ದೇವಾಲಯದ ಮುಂದಿರುವ ಈ ಐದನೆಯ ಶತಮಾನದ ಸಂಸ್ಕೃತ ಶಾಸನವನ್ನು ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದನು. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವ ಅಶ್ವಾರೋಹಿಯೊಡನೆ ಕಲಹವಾದದ್ದು, ದರ್ಭೆ ಸಮಿತ್ತುಗಳನ್ನು ಹಿಡಿದ ಕೈ ಖಡ್ಗವನ್ನು ಹಿಡಿದದ್ದು ಇದರ ವಸ್ತು. ಕದಂಬ ರಾಜ್ಯದ ಉದಯವನ್ನು ಈ ಶಾಸನವು ವಿದ್ಯಾಕೇಂದ್ರವೊಂದರಲ್ಲಿ ಆದ ಅವಮಾನದಿಂದ ವಿವರಿಸುತ್ತದೆ ಎಂಬುದು ಗಮನಾರ್ಹ. ಇಲ್ಲಿ ವಿದ್ಯೆಯನ್ನು ತೊರೆದು ಶಸ್ತ್ರವನ್ನು ಹಿಡಿಯಲಾಗುತ್ತದೆ. ಬಳ್ಳಿಗಾವೆಯಲ್ಲಿ ಕಾಣುವ ಚಲನೆ ಇದಕ್ಕೆ ವಿರುದ್ಧವಾದುದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಬನವಾಸಿ ಹನ್ನೆರಡು ಸಾಸಿರದ ಪ್ರಮುಖ ಪಟ್ಟಣವಾಗಿತ್ತು. ಇಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಆಚಾರ್ಯರ ನೆಲೆ. ಮಠದ ಸ್ವರೂಪವನ್ನು ವಿಸ್ತಾರವಾಗಿ ವರ್ಣಿಸುವ ಶಾಸನ 1162ರದು. ಅದರ ಸಂದರ್ಭವೇ ಯುದ್ಧಯಾತ್ರೆ. ಕಲ್ಯಾಣದ ಚಾಲುಕ್ಯರ ಅಧಿಕಾರವನ್ನು ಕೈವಶಮಾಡಿಕೊಂಡಿದ್ದ ಕಳಚುರಿ ಬಿಜ್ಜಳನು ದಕ್ಷಿಣ ದಿಕ್ಕನ್ನು ಸಾಧಿಸಲು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ, ಅಧಿಕಾರಿ ಕಸಪಯ್ಯ ನಾಯಕನ ಬಿನ್ನಹದಂತೆ ಈ ಸ್ಥಾನಕ್ಕೆ ದತ್ತಿ ಸಂದಿತು. ಅಂದಿನ ಆಚಾರ್ಯನು ವಾಮಶಕ್ತಿ.

ಶಾಸನವು ಮಠದಲ್ಲಿ ಅಧ್ಯಯನಕ್ಕೆ ಒಳಗಾದ ವಿಷಯಗಳ ಪಟ್ಟಿಯನ್ನು ಕೊಡುತ್ತದೆ. ಸಾಂಗವಾದ ನಾಲ್ಕು ವೇದಗಳು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು. ಲಾಕುಲ ಸಿದ್ಧಾಂತ ಮತ್ತು ಪಾತಂಜಲ ಯೋಗ. ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇದರ ಮುಂದುವರಿಕೆಯಾಗಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕ ನರ್ತಕರು, ವಿವಿಧ ಪಂಥಗಳ ಭಿಕ್ಷುಗಳು ಇವರಿಗೆಲ್ಲ ಅನ್ನದಾನ, ಅನಾಥ ರೋಗಿಗಳಿಗೆ ಚಿಕಿತ್ಸೆ, ಸಕಲ ಜೀವಿಗಳಿಗೆ ಅಭಯ ಇವೂ ಮಠದ ಕಾರ್ಯಗಳೆಂದು ಹೇಳಲಾಗಿದೆ. ಸೈನ್ಯದ ಬೀಡಿನಲ್ಲಿ ಹುಟ್ಟಿದ ದಾಖಲೆಯೊಂದು ಅಭಯದ ಸ್ಥಾನವನ್ನು ವರ್ಣಿಸುತ್ತದೆ ಎಂಬುದು ಇದರ ವೈಶಿಷ್ಟ್ಯ.

ಈ ಪಟ್ಟಿಯಲ್ಲಿ ವಿಶೇಷ ಚರ್ಚೆಗೆ ಅರ್ಹವಾದುದು ಅದರ ವ್ಯಾಪ್ತಿ. ಶೈವ ಪಂಥದ ಮಠವು ಜೈನ ಪರಂಪರೆಯೊಡನೆ ಬೆಸೆದ ಶಾಕಟಾಯನ ವ್ಯಾಕರಣವನ್ನೂ, ಸಿದ್ಧಾಂತದಲ್ಲಿ ತನಗೆ ಎದುರಾದ ಬೌದ್ಧ ದರ್ಶನವನ್ನೂ ತನ್ನ ಅಧ್ಯಯನದ ಭಾಗವೆಂದು ಹೇಳಿಕೊಂಡಿದೆ. ಪ್ರತಿವಾದಿಯನ್ನು ಗೆಲ್ಲಲು ಅವನ ಶಾಸ್ತ್ರವನ್ನು ತಿಳಿಯಬೇಕೆಂಬ ವಾದಪರಂಪರೆಯ ಅಗತ್ಯ ಇದರ ಹಿಂದಿರಬಹುದು. ಕಾರಣ ಯಾವುದೇ ಇರಲಿ, ಎದುರು ಪಕ್ಷದ ಗ್ರಂಥ ತನ್ನಲ್ಲಿರಬೇಕು ಎಂಬ ಶಿಸ್ತು ಜ್ಞಾನಭಂಡಾರದ ಮೂಲಲಕ್ಷಣ. ಸಂಸದೀಯ ಗ್ರಂಥಾಲಯವು ಆಳುವ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಸಮಾನವಾಗಿ ತೆರೆದಿರಬೇಕೆಂಬ ಇಂದಿನ ತತ್ವಕ್ಕೆ ಇದು ಸಮನಲ್ಲ. ಆದರೆ ಅದರೊಡನೆ ಹೋಲಿಸಿ ನೋಡಬಹುದಾದ ಮನೋಧರ್ಮ. ಬಳ್ಳಿಗಾವೆಯಲ್ಲಿಯೇ 1065ರಲ್ಲಿ ರೂಪಭಟ್ಟಯ್ಯನು ಜಯಂತಿ ಬೌದ್ಧವಿಹಾರವನ್ನು ಕಟ್ಟಿಸಿದ್ದನು. ಊರಿನ ಈ ಬಹುಪಂಥೀಯ ಸ್ವರೂಪವೇ ಮಠದ ಪಠ್ಯವ್ಯಾಪ್ತಿಗೆ ಹಿನ್ನೆಲೆಯಾಗಿದೆ.

ಇಲ್ಲಿ ಎಚ್ಚರಿಕೆಯೂ ಅಗತ್ಯ. ಶಾಸನದ ಈ ಭಾಗವು ಪ್ರಶಸ್ತಿ. ಆದುದರಿಂದ ಅದನ್ನು ದಿನಚರಿಯ ವರದಿಯಂತೆ ಓದಲಾಗದು. ಕಲಿಯುವವರ ಸಂಖ್ಯೆಯನ್ನಾಗಲಿ ಓಲೆಗರಿಗಳ ಲೆಕ್ಕವನ್ನಾಗಲಿ ಈ ವರ್ಣನೆ ಕೊಡುವುದಿಲ್ಲ. ಅನ್ನ ಮತ್ತು ಔಷಧ ಎಲ್ಲರಿಗೂ ಎಂದು ಹೇಳುವ ಪಠ್ಯ, ವಿದ್ಯೆಯ ವಿಷಯದಲ್ಲಿ ಹಾಗೆ ಹೇಳುವುದಿಲ್ಲ. ಈ ವ್ಯತ್ಯಾಸವನ್ನು ಮರೆತು ಕೋಡಿಯಮಠವನ್ನು ಸಾರ್ವಜನಿಕ ವಿಶ್ವವಿದ್ಯಾಲಯವೆಂದು ಕರೆಯುವುದು ಚರಿತ್ರೆಗೆ ನ್ಯಾಯವಾಗದು. ಹೋಲಿಕೆಗೆ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವನ್ನು ನೋಡಬಹುದು. ಚೋಳರೊಡನೆ ಸತತ ಯುದ್ಧ ನಡೆಸಿದ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ಸ್ಥಾಪಿಸಿದನು. ಆ ಶಾಸನ ವಿದ್ಯಾರ್ಥಿಗಳ ಮತ್ತು ಉಪಾಧ್ಯಾಯರ ಸಂಖ್ಯೆಯ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಪಾಲಕರನ್ನು, ನಮೂದಿಸುತ್ತದೆ. ಎರಡು ಶಾಸನಗಳನ್ನು ಒಟ್ಟಿಗೆ ಓದಿದಾಗ ಒಂದರಿಂದ ಸಂಗ್ರಹದ ವ್ಯಾಪ್ತಿ, ಇನ್ನೊಂದರಿಂದ ಅದರ ನಿರ್ವಹಣೆ ತಿಳಿಯುತ್ತದೆ.

ಇಂತಹ ಸಂಸ್ಥೆಗಳು ರಾಜವಂಶಗಳ ಪಲ್ಲಟದ ನಡುವೆ ಉಳಿದದ್ದು ಹೇಗೆ? ಮೊದಲನೆಯದಾಗಿ, ಅವುಗಳ ಆದಾಯ ಭೂಮಿಯ ಮೇಲೆ ನಿಂತಿತ್ತು. ಅರಮನೆಯ ಬೊಕ್ಕಸ ಬರಿದಾದರೂ ದತ್ತಿಯ ಗದ್ದೆ ಫಲ ಕೊಡುತ್ತಿತ್ತು. ಎರಡನೆಯದಾಗಿ, ದಾನಶಾಸನಗಳ ಕೊನೆಯ ಶಾಪಾಶಯವು ಕೊಟ್ಟ ರಾಜನಿಗಿಂತ ಮುಂದೆ ಬರುವ ರಾಜನನ್ನು ಉದ್ದೇಶಿಸಿತ್ತು. ತನ್ನದಾಗಲಿ ಪರರದಾಗಲಿ ದತ್ತಿಯನ್ನು ಕಸಿಯಬಾರದೆಂಬ ವಿಧಿ ಗೆದ್ದ ಶತ್ರುವನ್ನೂ ಕಟ್ಟುವ ಉಪಾಯ. ಮೂರನೆಯದಾಗಿ, ಹೊಸ ಅಧಿಕಾರಕ್ಕೆ ಮನ್ನಣೆ ಬೇಕಿತ್ತು. ಅಧಿಕಾರವನ್ನು ಆಗತಾನೆ ಹಿಡಿದಿದ್ದ ಬಿಜ್ಜಳನಿಗೆ ಹಳೆಯ ಗೌರವವುಳ್ಳ ಮಠದ ಆಶೀರ್ವಾದದಿಂದ ಆಗುವ ಲಾಭ ಸಣ್ಣದಲ್ಲ. ಚಾಲುಕ್ಯ, ಕಳಚುರಿ, ಹೊಯ್ಸಳ ಅರಸರ ಶಾಸನಗಳು ಒಂದೇ ಊರಿನಲ್ಲಿ ದೊರೆಯುವುದು ಈ ಪರಸ್ಪರ ಅವಲಂಬನೆಯ ಸಾಕ್ಷ್ಯ.

ಸೊರಬ ತಾಲ್ಲೂಕಿನ ವೀರಗಲ್ಲುಗಳು ಇದೇ ಕಾಲದ ಇನ್ನೊಂದು ಮುಖವನ್ನು ತೋರಿಸುತ್ತವೆ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಇವುಗಳಲ್ಲಿ ಕಾದಿ ಸತ್ತವರ ಹೆಸರು, ಕಾಲ, ಆಳುತ್ತಿದ್ದ ಅರಸ, ಕಲ್ಲು ನಿಲ್ಲಿಸಿದವರ ವಿವರ ಅವುಗಳಲ್ಲಿವೆ. ಮಠದ ಶಾಸನ ಯುದ್ಧವನ್ನು ದಿಗ್ವಿಜಯವೆಂದು ಕಂಡರೆ, ವೀರಗಲ್ಲು ಅದನ್ನು ಒಂದು ಮನೆಯ ಸಾವೆಂದು ಕಾಣುತ್ತದೆ. ಯುದ್ಧಕಾಲದ ಸ್ಮೃತಿಭಂಡಾರವೆಂದು ಕರೆಯುವುದಾದರೆ ಎರಡನ್ನೂ ಕೂಡಿಸಿಯೇ ಕರೆಯಬೇಕು.

ದಾಖಲೆಯೇ ಅಧಿಕಾರ ಎಂಬ ತಿಳಿವು ಈ ನೆಲದಲ್ಲಿ ಆಧುನಿಕ ಕಾಲದಲ್ಲಿಯೂ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ನಡುವೆ, 1942ರ ಸೆಪ್ಟೆಂಬರಿನಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮದೇ ಸರಕಾರವನ್ನು ಘೋಷಿಸಿದರು. ಅದಕ್ಕೆ ಮುನ್ನ ಅವರು ವಶಪಡಿಸಿಕೊಂಡದ್ದು ಗ್ರಾಮಾಧಿಕಾರಿಗಳ ಬಳಿಯಿದ್ದ ಕಂದಾಯದ ಲೆಕ್ಕಪುಸ್ತಕಗಳನ್ನು. ಘರ್ಷಣೆಯಲ್ಲಿ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಆಯುಧಕ್ಕಿಂತ ಮೊದಲು ಲೆಕ್ಕದ ಪುಸ್ತಕ ಕೈಬದಲಾದುದು ಆಕಸ್ಮಿಕವಲ್ಲ. ಯಾರು ಎಷ್ಟು ಕೊಡಬೇಕೆಂಬ ಬರಹ ಯಾರಲ್ಲಿದೆಯೋ ಅವರದೇ ಆಳ್ವಿಕೆ ಎಂಬುದನ್ನು ಆ ರೈತರು ಅರಿತಿದ್ದರು.

ಕೋಡಿಯಮಠದ್ದೆಂದು ಗುರುತಿಸಬಹುದಾದ ಓಲೆಗರಿಯ ಭಂಡಾರ ಇಂದು ಉಳಿದಿಲ್ಲ. ಉಳಿದಿರುವುದು ಅದರ ವಿಷಯಸೂಚಿ, ಅದೂ ಕಲ್ಲಿನ ಮೇಲೆ. ಭಂಡಾರ ಅಳಿದು ಸೂಚಿ ಉಳಿದ ಈ ಸ್ಥಿತಿ ಸಂಶೋಧಕರ ಕೆಲಸವನ್ನು ನಿರ್ದೇಶಿಸುತ್ತದೆ. ಬಳ್ಳಿಗಾವೆಯ ಮಠಶಾಸನಗಳನ್ನು ಸಾಹಿತ್ಯಚರಿತ್ರೆಯ ಪೂರಕ ಸಾಮಗ್ರಿಯಾಗಿ ಬಳಸುವುದಕ್ಕೆ ನಿಲ್ಲಿಸದೆ, ಅವುಗಳಲ್ಲಿಯ ವಿಷಯಪಟ್ಟಿಗಳನ್ನು ಕಾಲಾನುಕ್ರಮದಲ್ಲಿ ಹೋಲಿಸಿ ಯಾವ ಶಾಸ್ತ್ರ ಯಾವಾಗ ಸೇರಿತು, ಯಾವುದು ಬಿಟ್ಟುಹೋಯಿತು ಎಂಬುದನ್ನು ಗುರುತಿಸಬೇಕಾಗಿದೆ. ಹೊಲ, ಕೆರೆಯ ಏರಿ, ಗುಡಿಯ ಅಂಗಳಗಳಲ್ಲಿ ಬಯಲಿಗೊಡ್ಡಿ ನಿಂತ ವೀರಗಲ್ಲುಗಳನ್ನು ಶತಮಾನದ ಹಿಂದಿನ ಮುದ್ರಿತ ಪಾಠದೊಡನೆ ತಾಳೆನೋಡುವ ಕ್ಷೇತ್ರಕಾರ್ಯವೂ ಅಷ್ಟೇ ಅಗತ್ಯ. ಮಳೆನಾಡಿನ ಮಳೆಗೆ ಅಕ್ಷರ ಸವೆದ ಕಲ್ಲಿಗೆ ಮುದ್ರಿತ ಪಾಠವೇ ಆಸರೆ. ಆ ಪಾಠದ ತಪ್ಪಿಗೆ ಕಲ್ಲೇ ತಿದ್ದುಪಡಿ. ಎರಡೂ ಲಭ್ಯವಿರುವ ಕಾಲದಲ್ಲಿಯೇ ಈ ಕೆಲಸ ಆಗಬೇಕು.