‘ಸಮಸ್ಥಿತಿ’ ಎಂಬ ಶಬ್ದವೂ ನರಮಂಡಲದ ವ್ಯಾಪಾರವೂ

ಪಾಶ್ಚಾತ್ಯ ಶರೀರಶಾಸ್ತ್ರದಲ್ಲಿ ಹೋಮಿಯೋಸ್ಟಾಸಿಸ್ ಎಂದು ಕರೆಯುವ ವಿಷಯವನ್ನು ಕನ್ನಡದಲ್ಲಿ ‘ಸಮಸ್ಥಿತಿ’ ಎಂದು ಹೇಳುವುದುಂಟು. ಶಬ್ದವು ಶುದ್ಧವಾಗಿಯೇ ಇದೆ; ಆದರೆ ‘ಸ್ಥಿತಿ’ ಎಂದೊಡನೆ ಅಲುಗದೆ ನಿಂತ ನೀರಿನ ಭಾವನೆಯು ಮನಸ್ಸಿಗೆ ಬರುವುದರಿಂದ ವಿದ್ಯಾರ್ಥಿಗಳು ಇದರ ಅರ್ಥವನ್ನು ತಲೆಕೆಳಗಾಗಿ ಗ್ರಹಿಸುವ ಸಂಭವವಿದೆ. 1926ರಲ್ಲಿ ಈ ಪದವನ್ನು ಬಳಕೆಗೆ ತಂದ ಅಮೆರಿಕದ ವಿದ್ವಾಂಸ ವಾಲ್ಟರ್ ಕ್ಯಾನನ್, ಗ್ರೀಕಿನಲ್ಲಿ ‘ಅದೇ’ ಎಂಬರ್ಥದ ಪೂರ್ವಪದವನ್ನು ಬಿಟ್ಟು ‘ಅದರಂತಹುದು’ ಎಂಬರ್ಥದ ಪೂರ್ವಪದವನ್ನು ಬುದ್ಧಿಪೂರ್ವಕವಾಗಿಯೇ ಆರಿಸಿದನು. ಏಕತ್ವವಲ್ಲ, ಸಾದೃಶ್ಯ. ‘ಸಮ’ ಶಬ್ದಕ್ಕೆ ಎರಡರ್ಥಗಳೂ ಸಲ್ಲುವುದರಿಂದ ಇಲ್ಲಿ ಎರಡನೆಯದನ್ನೇ ಹಿಡಿಯತಕ್ಕದ್ದು.

ಮೈಯ ಕಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆರೋಗ್ಯವಂತನ ದೇಹೋಷ್ಣವು ಸುಮಾರು 37 ಡಿಗ್ರಿ ಸೆಂಟಿಗ್ರೇಡ್; ಅದೂ ಬೆಳಗಿನ ಜಾವದಲ್ಲಿ ಕೊಂಚ ಇಳಿದು ಸಂಜೆಗೆ ಕೊಂಚ ಏರುವುದು. ಚರ್ಮದ ನರಾಗ್ರಗಳು ಹೊರಗಿನ ಸೆಕೆಯನ್ನು ತಿಳಿಸುತ್ತವೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಭಾಗವು ಆ ಸುದ್ದಿಯನ್ನೂ ರಕ್ತದ ಕಾವನ್ನೂ ಒಟ್ಟಿಗೆ ತೂಗಿ ನೋಡುತ್ತದೆ. ಕಾವು ಹೆಚ್ಚಿದರೆ ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಬೆವರು ಸುರಿಯುತ್ತದೆ. ಆ ಬೆವರು ಆರುತ್ತ ಕಾವನ್ನು ಕೊಂಡೊಯ್ಯುತ್ತದೆ. ಇಳಿದರೆ ನಾಳಗಳು ಕುಗ್ಗಿ, ಮಾಂಸಖಂಡಗಳು ನಡುಗಿ ಕಾವನ್ನು ಹುಟ್ಟಿಸುತ್ತವೆ. ಇದಾವುದೂ ಮನುಷ್ಯನ ಸಂಕಲ್ಪವನ್ನು ಕಾಯುವುದಿಲ್ಲ. ತಕ್ಕಡಿಯ ಮುಳ್ಳು ನಿಂತಂತೆ ಕಂಡರೂ ತಟ್ಟೆಗಳ ತೂಕವು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ.

ಈ ಕಾವಲಿನ ಬೆಲೆಯು ಅದಿಲ್ಲದ ಪ್ರಾಣಿಯನ್ನು ನೋಡಿದಾಗ ತಿಳಿಯುವುದು. ಹಣ್ಣಿನ ಮೇಲೆ ಕೂರುವ ಸಣ್ಣ ನೊಣದ ಮೈಯ ಕಾವು ಸುತ್ತಣ ಗಾಳಿಯ ಕಾವನ್ನು ಅನುಸರಿಸುತ್ತದೆ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದೊಳಗೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅದರ ಸ್ಥಾಪಕರೂ 2013ರಲ್ಲಿ ದಿವಂಗತರಾದವರೂ ಆದ ಒಬೈದ್ ಸಿದ್ದಿಕಿಯವರು, ಆ ಕೇಂದ್ರವು ಹುಟ್ಟುವುದಕ್ಕೆ ಬಹಳ ಹಿಂದೆಯೇ, 1976ರಲ್ಲಿ, ಅಮೆರಿಕದ ಸೀಮೋರ್ ಬೆಂಜರರೊಡನೆ ಇಂತಹ ನೊಣಗಳ ವಿಷಯವಾಗಿ ಒಂದು ಶೋಧನೆಯನ್ನು ಪ್ರಕಟಿಸಿದರು. ವಂಶಪಾರಂಪರ್ಯವಾದ ದೋಷವುಳ್ಳ ಕೆಲವು ನೊಣಗಳು ತಂಪಿನಲ್ಲಿ ಎಲ್ಲವುಗಳಂತೆ ಓಡಾಡುವುವು. ಇತರ ನೊಣಗಳು ತಾಳಿಕೊಳ್ಳುವಷ್ಟು ಸೆಕೆಗೇ ಇವು ಕಾಲು ಮೇಲಾಗಿ ಬಿದ್ದು, ತಣಿಸಿದರೆ ಪುನಃ ಏಳುವುವು. ಇವುಗಳಲ್ಲಿನ ವಿದ್ಯುತ್ಸಂಕೇತಗಳನ್ನು ಅಳೆದು, ಕೆಟ್ಟಿರುವುದು ನರವ್ಯಾಪಾರವೆಂದು ಅವರು ತೋರಿಸಿದರು. ಇಂತಹ ದೋಷಗಳಲ್ಲೊಂದು, ನರದ ಪೊರೆಯಲ್ಲಿ ಸೋಡಿಯಂ ಕಣಗಳನ್ನು ಒಳಬಿಡುವ ಬಾಗಿಲಿಗೆ ಸೇರಿದುದೆಂದು ಆಮೇಲೆ ಗೊತ್ತಾಯಿತು.

ಅದೇ ಜಾತಿಯ ಬಾಗಿಲುಗಳು ಮನುಷ್ಯನ ನರಗಳಲ್ಲಿಯೂ ಇವೆ. ಕಡುಬಿಸಿಲಿನ ಆಘಾತದಲ್ಲಿ ಪ್ರಜ್ಞೆ ತಪ್ಪುವುದನ್ನೂ, ಜ್ವರದಲ್ಲಿ ಕೆಲವು ಎಳೆಯ ಮಕ್ಕಳಿಗೆ ಸೆಳವು ಬರುವುದನ್ನೂ ಬಲ್ಲವರಿಗೆ ಕಾವು ಏರಿದರೆ ಮಿದುಳಿಗೆ ಒದಗುವ ಕೇಡನ್ನು ಬೇರೆ ಹೇಳಬೇಕಾಗಿಲ್ಲ. ನರಮಂಡಲವು ಕಾವನ್ನು ಕಾಯುತ್ತದೆ; ಕಾಯದೆ ಹೋದರೆ ತಾನೇ ಕೆಡುತ್ತದೆ.

ಸುಶ್ರುತಸಂಹಿತೆಯು ಸ್ವಸ್ಥನ ಲಕ್ಷಣದಲ್ಲಿ ದೋಷಗಳ ಸಮತೆಯನ್ನೂ ಅಗ್ನಿಯ ಸಮತೆಯನ್ನೂ ಹೇಳಿದೆಯೆಂದು, ವಾತವೇ ನರಮಂಡಲವೆಂದು ಸಾಧಿಸಹೊರಡುವವರಿದ್ದಾರೆ. ಇದರಿಂದ ಎರಡು ಶಾಸ್ತ್ರಗಳಿಗೂ ಅಪಚಾರವೇ ಸರಿ. ಆ ಗ್ರಂಥದಿಂದ ತೆಗೆದುಕೊಳ್ಳಬೇಕಾದುದು ‘ಸಮ’ ಎಂಬ ಪೂರ್ವಪದವನ್ನು ಮಾತ್ರ. ಉತ್ತರಪದಕ್ಕೆ ‘ಸ್ಥಿತಿ’ಗಿಂತಲೂ, ಹಿಡಿದು ನಿಲ್ಲಿಸುವ ಕ್ರಿಯೆಯನ್ನು ಸೂಚಿಸುವ ‘ಧಾರಣೆ’ಯು ಮೇಲು, ‘ಸಮಧಾರಣೆ’ ಎಂಬ ರೂಪವನ್ನು ಉಪಾಧ್ಯಾಯರು ಪರೀಕ್ಷಿಸಿ ನೋಡಬಹುದು.